ಮಾತಿನ ಪೆಟ್ಟಿಗೆಯನ್ನು ಕಟ್ಟಿದ ಕೆಂಪೆಲೆನ್

ಉಸಿರು ಹೇಗೆ ಮಾತಾಗುತ್ತದೆ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದ ಮೊದಲಲ್ಲಿಯೇ ಅದನ್ನು ಎತ್ತಿಕೊಂಡಿದ್ದಾನೆ. ಜೀವದ ಇಚ್ಛೆಗೆ ಅನುಕೂಲವಾದ ಗಾಳಿಯು ಕೂಡಿಬಂದಾಗ ನಾಭಿಯ ಮೂಲದಲ್ಲಿ ಕಹಳೆಯ ರೀತಿಯಿಂದ ಶಬ್ದವು ಹುಟ್ಟುತ್ತದೆಂಬುದು ಆತನ ಮತ. ಕನ್ನಡ ಪಂಡಿತರ ತರಗತಿಯಲ್ಲಿ ಈ ಮಾತನ್ನು ಕೇಳದ ವಿದ್ಯಾರ್ಥಿ ಇರಲಾರನು. ಮನುಷ್ಯನ ದೇಹವನ್ನು ಒಂದು ಊದುವಾದ್ಯಕ್ಕೆ ಹೋಲಿಸಿದ ಈ ಉಪಮೆಯನ್ನು ನಾವು ಬಾಯಿಪಾಠ ಮಾಡಿ ಮುಂದೆ ಸಾಗುತ್ತೇವೆ. ಕೇಶಿರಾಜನ ಹೆಸರನ್ನೂ ಕೇಳರಿಯದ ಒಬ್ಬ ಯೂರೋಪಿಯನ್ನನು, ಅವನಿಗಿಂತ ಐದು ಶತಮಾನಗಳಷ್ಟು ತರುವಾಯ, ಅಂತಹುದೇ ಒಂದು ವಾದ್ಯವನ್ನು ಮರ, ತೊಗಲು, ದಂತ, ರಬ್ಬರುಗಳಿಂದ ನಿಜವಾಗಿಯೂ ಕಟ್ಟಿ ಅದರ ಬಾಯಿಂದ ಮಾತನ್ನು ಹೊರಡಿಸಿದನು. ಆತನೇ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್. ಯಂತ್ರಗಳು ಕನ್ನಡದಲ್ಲಿಯೇ ಓದಿ ಹೇಳುತ್ತಿರುವ ಈ ದಿನಗಳಲ್ಲಿ ಅವನ ಬಾಳನ್ನು ನೆನೆಯುವುದು ಅಪ್ರಕೃತವಾಗಲಾರದು. ಯಂತ್ರದ ಮಾತನ್ನು ಕಟ್ಟುವುದು ಒಂದು ಕಷ್ಟ. ಅದನ್ನು ನ್ಯಾಯವಾಗಿ ತೂಗುವುದು ಇನ್ನೊಂದು ಕಷ್ಟ. ಈ ಎರಡನ್ನೂ ಆತನು ಅನುಭವಿಸಿದನು.

ಕೆಂಪೆಲೆನ್ 1734ರ ಜನವರಿ 23ರಂದು ಡ್ಯಾನ್ಯೂಬ್ ನದಿಯ ದಡದ ಪ್ರೆಸ್‌ಬರ್ಗ್ ನಗರದಲ್ಲಿ ಜನಿಸಿದನು. ಅಂದು ಹಂಗೆರಿ ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಬ್ರಾಟಿಸ್ಲಾವಾ ಎಂಬ ಹೆಸರಿನಿಂದ ಸ್ಲೊವಾಕಿಯದ ರಾಜಧಾನಿಯಾಗಿದೆ. ಹಲವು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಊರದು. ಜರ್ಮನ್, ಹಂಗೇರಿಯನ್, ಸ್ಲೊವಾಕ್ ಮಾತುಗಳ ಜೊತೆಗೆ ಆಡಳಿತಕ್ಕೂ ವಿದ್ಯೆಗೂ ಲ್ಯಾಟಿನ್ ಭಾಷೆ ನಡೆಯುತ್ತಿದ್ದಿತು. ಅಂತಹ ಪರಿಸರದಲ್ಲಿ ಬೆಳೆದ ಹುಡುಗನ ಕಿವಿಯು ಧ್ವನಿಭೇದಗಳಲ್ಲಿ ಸೂಕ್ಷ್ಮವಾದುದು ಆಶ್ಚರ್ಯವಲ್ಲ. ಹರೆಯದಲ್ಲಿಯೇ ಆತನು ರಾಣಿ ಮರಿಯಾ ಥೆರೆಸಾಳ ವಿಯೆನ್ನಾ ಆಸ್ಥಾನದ ಸೇವೆಗೆ ಸೇರಿದನು. ಲ್ಯಾಟಿನ್ನಿನಲ್ಲಿದ್ದ ಹಂಗೆರಿಯ ಕಾನೂನುಗಳನ್ನು ಜರ್ಮನ್ ಭಾಷೆಗೆ ತಂದ ಕಾರ್ಯವು ಅವನನ್ನು ರಾಣಿಯ ಮೆಚ್ಚುಗೆಗೆ ಪಾತ್ರನನ್ನಾಗಿ ಮಾಡಿತು. ಅಲ್ಲಿಂದ ಮುಂದೆ ಅವನದು ಉದ್ಯೋಗಸ್ಥನ ಬಾಳು. ಉಪ್ಪಿನ ಗಣಿಗಳ ಮೇಲ್ವಿಚಾರಣೆ, ಬಾನಾಟ್ ಸೀಮೆಯಲ್ಲಿ ಹೊಸ ಒಕ್ಕಲುಗಳನ್ನು ನೆಲೆಗೊಳಿಸುವ ಕೆಲಸ, ನೀರೆತ್ತುವ ಯಂತ್ರಗಳು, ಅರಮನೆಯ ಕಾರಂಜಿಗಳು—ಹೀಗೆ ಸರ್ಕಾರವು ಒಪ್ಪಿಸಿದುದನ್ನೆಲ್ಲ ಆತನು ಮಾಡಿದನು. ಬಿಡುವಿನಲ್ಲಿ ನಾಟಕವನ್ನೂ ಬರೆದನು, ಚಿತ್ರವನ್ನೂ ಕೊರೆದನು.

ಆ ಕಾಲದ ನಮ್ಮ ಮಲೆನಾಡನ್ನು ಇಲ್ಲಿ ಒಮ್ಮೆ ನೆನೆಯಬಹುದು. ಸಾಗರದ ಕೆಳದಿ ಮತ್ತು ಇಕ್ಕೇರಿ, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ—ಈ ಸ್ಥಳಗಳನ್ನು ನೆಚ್ಚಿ ಆಳಿದ ಕೆಳದಿಯ ಅರಸರ ರಾಜ್ಯವು 1763ರಲ್ಲಿ ಹೈದರಾಲಿಯ ಕೈಸೇರಿತು. ಬಿದನೂರು ನಗರವಾಯಿತು. ಆಗ ಕೆಂಪೆಲೆನ್ 29 ವರ್ಷದ ತರುಣ. ಎಲ್ಲಿಯ ವಿಯೆನ್ನಾ, ಎಲ್ಲಿಯ ಬಿದನೂರು! ಆದರೆ ಯಂತ್ರಕೌತುಕದ ವಿಷಯದಲ್ಲಿ ಆ ಶತಮಾನವು ಪೂರ್ವ ಪಶ್ಚಿಮಗಳೆಂಬ ಭೇದವೆಣಿಸಲಿಲ್ಲವೆಂಬುದನ್ನು ಮುಂದೆ ಕಾಣುವೆವು.

1769ರಲ್ಲಿ ಫ್ರಾನ್ಸಿನ ಐಂದ್ರಜಾಲಿಕನೊಬ್ಬನು ವಿಯೆನ್ನಾದ ಅರಮನೆಯಲ್ಲಿ ಅಯಸ್ಕಾಂತದ ಆಟಗಳನ್ನು ತೋರಿಸಿದನು. ಅದಕ್ಕಿಂತ ಮಿಗಿಲಾದುದನ್ನು ತಾನು ಆರು ತಿಂಗಳಲ್ಲಿ ಮಾಡಿ ತೋರಿಸುವೆನೆಂದು ಕೆಂಪೆಲೆನ್ ರಾಣಿಗೆ ಮಾತುಕೊಟ್ಟನು. ಕೊಟ್ಟ ಮಾತನ್ನು ನಡೆಸಿಯೂ ಕೊಟ್ಟನು. ಅದೇ ಜಗತ್ತಿನಲ್ಲೆಲ್ಲ ಹೆಸರಾದ ಚದುರಂಗದ ತುರ್ಕ. ದೊಡ್ಡದೊಂದು ಪೆಟ್ಟಿಗೆ, ಅದರ ಹಿಂದೆ ಮುಂಡಾಸು ಸುತ್ತಿದ ತುರ್ಕಿ ವೇಷದ ಬೊಂಬೆ, ಪೆಟ್ಟಿಗೆಯ ಮೇಲೆ ಚದುರಂಗದ ಹಾಸು. ಬಾಗಿಲುಗಳನ್ನು ಒಂದೊಂದಾಗಿ ತೆರೆದು ಒಳಗಿನ ಹಲ್ಲುಚಕ್ರಗಳನ್ನು ಪ್ರೇಕ್ಷಕರಿಗೆ ತೋರಿಸಿ ಮುಚ್ಚಿದ ಮೇಲೆ ಬೊಂಬೆಯು ತನ್ನ ಎಡಗೈಯಿಂದ ಕಾಯಿಗಳನ್ನು ನಡೆಸಿ ಎದುರಾಳಿಯನ್ನು ಸೋಲಿಸುತ್ತಿದ್ದಿತು. ಗುಟ್ಟು ಸರಳವಾದುದು. ಚಕ್ರಗಳ ಹಿಂದೆ ಮನುಷ್ಯನೊಬ್ಬನು ಅಡಗಿ ಕುಳಿತಿರುತ್ತಿದ್ದನು. ಬಾಗಿಲು ತೆರೆದಂತೆ ಅವನು ಒಳಗೊಳಗೆ ಸ್ಥಳ ಬದಲಿಸುತ್ತಿದ್ದನು. ಮೋಂಬತ್ತಿಯ ಬೆಳಕಿನಲ್ಲಿ, ಕಾಯಿಗಳ ಅಡಿಯಲ್ಲಿದ್ದ ಅಯಸ್ಕಾಂತಗಳ ನೆರವಿನಿಂದ ಆಟವನ್ನು ತಿಳಿದುಕೊಂಡು ಬೊಂಬೆಯ ಕೈಯನ್ನು ಆಡಿಸುತ್ತಿದ್ದನು. ಕೆಂಪೆಲೆನ್ ಇದನ್ನು ಒಂದು ವಿನೋದವೆಂದೇ ಬಗೆದಿದ್ದನು. ಜನರು ಮಾತ್ರ ಹಾಗೆ ಬಗೆಯಲಿಲ್ಲ. ಆಲೋಚಿಸುವ ಯಂತ್ರ ಹುಟ್ಟಿತೆಂದು ಒಂದು ಪಕ್ಷ. ಇದು ಬರಿಯ ಕಣ್ಕಟ್ಟೆಂದು ಇನ್ನೊಂದು ಪಕ್ಷ. ಅವನ ಹೆಸರು ಈ ಬೊಂಬೆಯೊಡನೆ ಬಿಡಿಸಲಾರದಂತೆ ಬೆಸೆದುಹೋಯಿತು.

ಅದೇ 1769ರ ಸುಮಾರಿಗೆ, ಯಾರ ಅಪ್ಪಣೆಯೂ ಇಲ್ಲದೆ, ಆತನು ಇನ್ನೊಂದು ಕಾರ್ಯವನ್ನು ಕೈಗೆತ್ತಿಕೊಂಡಿದ್ದನು. ಮನುಷ್ಯನ ಮಾತನ್ನು ಯಂತ್ರದಿಂದ ಹೊರಡಿಸಬೇಕೆಂಬುದು ಅವನ ಹಟ. ಇದರಲ್ಲಿ ಯಾವ ಗುಟ್ಟೂ ಇರಲಿಲ್ಲ, ಅಡಗಿ ಕುಳಿತವನೂ ಇರಲಿಲ್ಲ. ಯಾವ ವಾದ್ಯದ ದನಿಯು ಮನುಷ್ಯನ ಕೊರಳಿಗೆ ಹತ್ತಿರವಾದುದೆಂದು ಆತನು ಕಂಡಕಂಡ ವಾದ್ಯಗಳನ್ನೆಲ್ಲ ಪರೀಕ್ಷಿಸಿದನು. ಕೊನೆಗೆ ಹಳ್ಳಿಗರು ಊದುವ ಚೀಲವಾದ್ಯದ ಕೊಳವೆಯಲ್ಲಿ ಮಗುವಿನ ಕೊರಳನ್ನು ಹೋಲುವ ದನಿಯೊಂದನ್ನು ಕೇಳಿ ಹಿಗ್ಗಿದನು. ಆ ಕೊಳವೆಯ ಕಂಪಿಸುವ ರೀಡನ್ನು ತೆಗೆದುಕೊಂಡು ಅದಕ್ಕೆ ಅಡಿಗೆಮನೆಯ ತಿದಿಯನ್ನು ಜೋಡಿಸಿದನು. ಇನ್ನೊಂದು ತುದಿಗೆ ಕ್ಲಾರಿನೆಟ್ಟಿನ ಬಾಯನ್ನು ಸಿಕ್ಕಿಸಿ ಅದನ್ನು ಅಂಗೈಯಿಂದ ಮುಚ್ಚಿ ತೆರೆದು ನೋಡಿದನು. ಸ್ವರಗಳು ಹೊರಟವು. ಕೇಶಿರಾಜನ ಕಹಳೆಯು ಬಾಯಿ ಬಿಡಲಾರಂಭಿಸಿತು.

ಎರಡನೆಯ ಪ್ರಯತ್ನದಲ್ಲಿ ಆತನು ತಪ್ಪುದಾರಿ ಹಿಡಿದನು; ಆ ತಪ್ಪಿನಿಂದಲೇ ಅವನಿಗೆ ಬಹು ದೊಡ್ಡ ಅರಿವು ದೊರಕಿತು. ವರ್ಣಮಾಲೆಯ ಒಂದೊಂದು ಅಕ್ಷರಕ್ಕೂ ಒಂದೊಂದು ಬೇರೆಯ ಕೊಳವೆ, ಒಂದೊಂದು ಮನೆ. ಹಾರ್ಮೋನಿಯಂ ನುಡಿಸುವಂತೆ ಮನೆಗಳನ್ನು ಒತ್ತುತ್ತ ಹೋದರೆ ಪದಗಳು ಹೊರಡಬೇಕು—ಇದು ಆತನ ಯೋಜನೆ. ಬಿಡಿಬಿಡಿಯಾಗಿ ಧ್ವನಿಗಳು ಹೊರಟವು; ಅವು ಕೂಡಿ ಪದವಾಗಲಿಲ್ಲ. ಒಂದು ಧ್ವನಿ ಮುಗಿದು ಇನ್ನೊಂದು ತೊಡಗುವಲ್ಲಿ ಬಿರುಕೊಂದು ಉಳಿಯುತ್ತಿದ್ದಿತು. ಪ್ರತಿಯೊಂದು ಧ್ವನಿಯೂ ಹೊಸ ಉಸಿರಿನ ಒದೆತದೊಡನೆ ಹೊರಬೀಳುತ್ತಿದ್ದಿತು. ನಾವು ಬರೆಯುವಾಗ ಅಕ್ಷರಗಳನ್ನು ಬೇರೆ ಬೇರೆಯಾಗಿ ಬರೆಯುತ್ತೇವೆ. ಆಡುವಾಗ ಹಾಗೆ ಆಡುವುದಿಲ್ಲ. ಒಂದೇ ಕೊರಳು, ಒಂದೇ ಬಾಯಿ, ಒಂದೇ ಉಸಿರಿನ ಹರಿವಿನಲ್ಲಿ ಒಂದು ಧ್ವನಿಯು ಇನ್ನೊಂದಕ್ಕೆ ಜಾರಿಕೊಳ್ಳುತ್ತದೆ. ಮುಂದೆ ಬರುವ ಸ್ವರದ ನೆರಳು ಹಿಂದಿನ ವ್ಯಂಜನದ ಮೇಲೆ ಆಗಲೇ ಬಿದ್ದಿರುತ್ತದೆ. ಇಂದಿನ ಧ್ವನಿವಿಜ್ಞಾನದ ವಿದ್ಯಾರ್ಥಿಗೆ ಇದು ಮೊದಲ ಪಾಠ. ಕೆಂಪೆಲೆನ್‌ಗೆ ಅದನ್ನು ಕಲಿಸಿದ ಗುರು ಅವನ ಕೈಯಲ್ಲಿ ಸೋತುಹೋದ ಯಂತ್ರವೇ. ಆತನು ಅದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ತೊಡಗಿದನು.

ಮೂರನೆಯ ಯಂತ್ರವೇ ಉಳಿದು ಬಂದುದು. ಶ್ವಾಸಕೋಶಕ್ಕೆ ಬದಲಾಗಿ ತಿದಿ. ಗಂಟಲಿನ ತಂತುಗಳಿಗೆ ಬದಲಾಗಿ ದಂತದ ತೆಳುವಾದ ರೀಡು. ಬಾಯಿಗೆ ಬದಲಾಗಿ ರಬ್ಬರಿನ ಆಲಿಕೆ. ಮೂಗಿನ ಹೊಳ್ಳೆಗಳಿಗೆ ಬದಲಾಗಿ ಎರಡು ಪುಟ್ಟ ಕೊಳವೆಗಳು. ನುಡಿಸುವವನು ಬಲಗೈಯ ಮೊಣಕೈಯಿಂದ ತಿದಿಯನ್ನು ಒತ್ತುತ್ತ, ಅದೇ ಕೈಯ ಬೆರಳುಗಳಿಂದ ಹೊಳ್ಳೆಗಳನ್ನೂ ಸನ್ನೆಗಳನ್ನೂ ನಿಯಂತ್ರಿಸುತ್ತ, ಎಡಗೈಯನ್ನು ರಬ್ಬರಿನ ಬಾಯಿಗೆ ಮುಚ್ಚಿ ತೆರೆದು ಸ್ವರಗಳನ್ನು ರೂಪಿಸಬೇಕಾಗಿದ್ದಿತು. ಎರಡು ಹೊಳ್ಳೆಗಳನ್ನೂ ಬಿಟ್ಟರೆ ಮಕಾರ. ಒಂದನ್ನು ಮುಚ್ಚಿದರೆ ನಕಾರ. ಸಕಾರ ಶಕಾರಗಳಿಗೆ ಎರಡು ಸನ್ನೆಗಳು; ರೀಡಿನ ಮೇಲೆ ತಂತಿಯೊಂದನ್ನು ಅದುರಿಸಿದರೆ ರಕಾರ. ಸ್ಥಾನ, ಕರಣ, ಪ್ರಯತ್ನಗಳೆಂದು ನಮ್ಮ ಶಿಕ್ಷಾಶಾಸ್ತ್ರಕಾರರು ವಿಂಗಡಿಸಿದುದನ್ನೇ ಆತನು ತೊಗಲು ಮರಗಳಲ್ಲಿ ವಿಂಗಡಿಸಿದನೆಂದು ಹೇಳಬಹುದು. ನಾಲಗೆಯೊಂದನ್ನು ಮಾತ್ರ ಅವನಿಂದ ಮಾಡಲಾಗಲಿಲ್ಲ.

1783ರಲ್ಲಿ, ಮರಿಯಾ ಥೆರೆಸಾಳ ಮಗನಾದ ಚಕ್ರವರ್ತಿ ಎರಡನೆಯ ಜೋಸೆಫನ ಕಾಲದಲ್ಲಿ, ಕೆಂಪೆಲೆನ್ ಯೂರೋಪಿನ ಪ್ರವಾಸ ಹೊರಟನು. ತುರ್ಕನನ್ನು ಲೋಕಕ್ಕೆ ತೋರಿಸಿ ಬರುವುದು ಉದ್ದೇಶ. ಮಾತಿನ ಯಂತ್ರವನ್ನೂ ಜೊತೆಗೆ ಒಯ್ದನು. ಇತ್ತ ಅದೇ ವರ್ಷದ ಮೊದಲಲ್ಲಿ ಆಂಗ್ಲ ಸೇನಾನಿ ಮ್ಯಾಥ್ಯೂಸ್ ಬಿದನೂರನ್ನು ಹಿಡಿದಿದ್ದನು. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿ ಅದನ್ನು ಹಿಂದಕ್ಕೆ ಪಡೆದನು. ಆ ಟಿಪ್ಪುವಿನ ಅರಮನೆಯಲ್ಲಿಯೂ ಧ್ವನಿ ಹೊರಡಿಸುವ ಯಂತ್ರವೊಂದಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ದೊರೆತು, ಇಂದು ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಮರದ ಹುಲಿ ಅದು. ಹಿಡಿಯನ್ನು ತಿರುಗಿಸಿದರೆ ತಿದಿಗಳು ಆಡಿ ಹುಲಿ ಗುರುಗುಟ್ಟುತ್ತದೆ. ಅದರ ಕೆಳಗೆ ಬಿದ್ದಿರುವ ಬಿಳಿಯನು ನರಳುತ್ತಾನೆ. ತಿದಿ ಇಲ್ಲಿಯೂ ಉಂಟು, ಕೊಳವೆ ಇಲ್ಲಿಯೂ ಉಂಟು. ಆದರೆ ಆ ನರಳಿಕೆಯು ಮಾತಲ್ಲ. ಏಕೆಂದರೆ ದನಿ ಹೊರಡುವಾಗ ರೂಪ ಬದಲಿಸುವ ಬಾಯಿ ಅದಕ್ಕಿಲ್ಲ. ಕೆಂಪೆಲೆನ್ ಸಾಧಿಸಿದ ಹೆಚ್ಚಳವೇನೆಂಬುದು ಈ ಎರಡನ್ನು ಒಟ್ಟಿಗಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

ಪ್ಯಾರಿಸ್, ಲಂಡನ್ ಮತ್ತು ಜರ್ಮನಿಯ ನಗರಗಳಲ್ಲಿ ಜನರು ನೆರೆದು ನೋಡಿದರು. ಯಂತ್ರವು ಮಗುವಿನ ದನಿಯಲ್ಲಿ ಅಮ್ಮ ಅಪ್ಪ ಎಂಬರ್ಥದ ಮಾತುಗಳನ್ನು ಆಡಿತು. ಕಾನ್‌ಸ್ಟಾಂಟಿನೋಪಲ್ ಎಂಬಂತಹ ನೀಳವಾದ ಹೆಸರನ್ನೂ ಹೇಳಿತು. ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ಪದಗಳು ಅದಕ್ಕೆ ಸುಲಭವಾಗಿದ್ದವು. ಒತ್ತಕ್ಷರಗಳು ಕಿಕ್ಕಿರಿದ ಜರ್ಮನ್ ಕಷ್ಟವಾಗುತ್ತಿದ್ದಿತು. ಆದರೆ ತುರ್ಕನನ್ನು ಕಂಡ ಕಣ್ಣುಗಳು ಮಾತಿನ ಯಂತ್ರವನ್ನು ನಂಬಲು ಹಿಂಜರಿದವು. ಲಂಡನ್ನಿನಲ್ಲಿ ಫಿಲಿಪ್ ಥಿಕ್‌ನೆಸ್ ಎಂಬ ಬರಹಗಾರನು 1784ರಲ್ಲಿ ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿ ತುರ್ಕನ ಪ್ರದರ್ಶನವು ಮೋಸವೆಂದು ಸಾರಿದನು. ಒಂದು ಪೆಟ್ಟಿಗೆಯಲ್ಲಿ ಮನುಷ್ಯನನ್ನು ಬಚ್ಚಿಟ್ಟವನು ಇನ್ನೊಂದರಲ್ಲಿ ಬಚ್ಚಿಡಲಿಲ್ಲವೆಂದು ನಂಬುವುದೆಂತು? ಹೀಗೆ ಆರು ತಿಂಗಳ ವಿನೋದವು ಇಪ್ಪತ್ತು ವರ್ಷಗಳ ತಪಸ್ಸಿಗೆ ಮಂಕು ಕವಿಸಿತು. ಕೆಂಪೆಲೆನ್‌ನ ಬಾಳಿನ ದುರಂತವೆಂದರೆ ಇದೇ.

ಆದರೆ ಸಂಶಯಪಟ್ಟವರಿಗೂ ಮೆಚ್ಚಿಕೊಂಡವರಿಗೂ ಹೊಳೆಯದ ಒಂದು ಸಂಗತಿಯನ್ನು ಆತನೇ ಬಲ್ಲವನಾಗಿದ್ದನು. ನಾಲಗೆಯಿಲ್ಲದ ಆ ಯಂತ್ರಕ್ಕೆ ಕ, ಗ, ತ, ದ ವರ್ಣಗಳು ಸರಿಯಾಗಿ ಬರುತ್ತಿರಲಿಲ್ಲ. ಅವುಗಳ ಸ್ಥಾನದಲ್ಲಿ ಪಕಾರವನ್ನೇ ತುಸು ಮಾರ್ಪಡಿಸಿ ಹೊರಡಿಸುತ್ತಿದ್ದನು. ಆದರೂ ಕೇಳುವವರಿಗೆ ಸರಿಯಾದ ವರ್ಣವೇ ಕೇಳಿಸುತ್ತಿದ್ದಿತು! ಪದ ಯಾವುದೆಂಬುದು ಮನಸ್ಸಿಗೆ ತಿಳಿದ ಮೇಲೆ ಕಿವಿಯು ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಯಂತ್ರದ ದನಿಯು ಎಳೆಯ ಮಗುವಿನದಂತಿದ್ದುದರಿಂದ ಅದರ ತೊದಲನ್ನು ಜನರು ಅಕ್ಕರೆಯಿಂದ ಮನ್ನಿಸುತ್ತಿದ್ದರು. ದನಿಯು ಪ್ರಾಯದವನದಾಗಿದ್ದರೆ ಅಷ್ಟು ಮನ್ನಿಸುತ್ತಿರಲಿಲ್ಲ. ಮಾತು ಆಡುವವನೊಬ್ಬನ ಕೃತಿಯಲ್ಲ, ಕೇಳುವವನೂ ಅದರ ಪಾಲುಗಾರನು ಎಂಬ ಈ ತಿಳಿವು ಅವನ ಕಾಲಕ್ಕೆ ಹೊಸದು. ತನ್ನ ಯಂತ್ರವನ್ನು ಹೊಗಳಿಸಿಕೊಳ್ಳಲು ಹವಣಿಸುವವನು ಇದನ್ನು ಮುಚ್ಚಿಡುತ್ತಿದ್ದನು. ಕೆಂಪೆಲೆನ್ ಮುಚ್ಚಿಡಲಿಲ್ಲ.

1791ರಲ್ಲಿ ವಿಯೆನ್ನಾದಲ್ಲಿ ಅವನ ಮಹಾಗ್ರಂಥವು ಪ್ರಕಟವಾಯಿತು. ಮನುಷ್ಯನ ಮಾತಿನ ರಚನೆಯನ್ನೂ ಮಾತನಾಡುವ ಯಂತ್ರದ ವಿವರಣೆಯನ್ನೂ ಕುರಿತ ಆ ಗ್ರಂಥವು ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಹೊರಬಂದಿತು. ಐದು ಭಾಗಗಳಲ್ಲಿ ಭಾಷೆಯ ಸ್ವರೂಪ, ಅದರ ಹುಟ್ಟು, ಮಾತಿನ ಅಂಗಗಳು, ಯೂರೋಪಿನ ಭಾಷೆಗಳ ಧ್ವನಿಗಳು, ಕೊನೆಯಲ್ಲಿ ಯಂತ್ರ—ಎಲ್ಲವನ್ನೂ ಚಿತ್ರಸಹಿತವಾಗಿ ವಿವರಿಸಿದನು. ಯಂತ್ರದ ಒಂದೊಂದು ತುಂಡನ್ನೂ ಬಿಡಿಸಿ ತೋರಿಸಿ, ಅದು ಎಲ್ಲಿ ಸೋಲುತ್ತದೆಂಬುದನ್ನು ತಾನೇ ಹೇಳಿ, ಬೇರೆಯವರು ಇದನ್ನು ತಿದ್ದಿ ಪೂರ್ಣಗೊಳಿಸಲೆಂದು ಒಪ್ಪಿಸಿದನು. ಲ್ಯಾಟಿನ್ ಇಟಾಲಿಯನ್‌ಗಳಂತಹ ಭಾಷೆಯಾದರೆ ಮೂರು ವಾರಗಳ ಅಭ್ಯಾಸದಿಂದ ಯಾರಾದರೂ ಅದನ್ನು ನುಡಿಸಬಲ್ಲರೆಂಬುದು ಅವನ ಅಭಿಪ್ರಾಯ. ತುರ್ಕನ ಗುಟ್ಟನ್ನು ಬಾಳಿನುದ್ದಕ್ಕೂ ಬಿಟ್ಟುಕೊಡದವನೇ ಮಾತಿನ ಯಂತ್ರದಲ್ಲಿ ಗುಟ್ಟೆಂಬುದನ್ನೇ ಉಳಿಸಲಿಲ್ಲ. ಕುರುಡಿಯಾಗಿದ್ದ ಪ್ರಸಿದ್ಧ ಪಿಯಾನೋವಾದಕಿ ಮರಿಯಾ ಥೆರೆಸಿಯಾ ಫಾನ್ ಪಾರಾದಿಸ್‌ಗಾಗಿ 1779ರಲ್ಲಿ ಆತನು ಕೈಯಚ್ಚಿನ ಯಂತ್ರವೊಂದನ್ನು ಮಾಡಿಕೊಟ್ಟಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು. ಯಂತ್ರವು ಯಾರಿಗಾಗಿ ಎಂಬ ಪ್ರಶ್ನೆಗೆ ಅವನ ಉತ್ತರವು ಅರಮನೆಯಲ್ಲಿ ಮುಗಿಯುತ್ತಿರಲಿಲ್ಲ.

1804ರ ಮಾರ್ಚ್ 26ರಂದು ಕೆಂಪೆಲೆನ್ ವಿಯೆನ್ನಾದಲ್ಲಿ ಕಾಲವಾದನು. ತುರ್ಕನು ಮಾರಾಟವಾಗಿ ಊರೂರು ಅಲೆದನು. 1809ರಲ್ಲಿ ನೆಪೋಲಿಯನ್ನನೊಡನೆಯೂ ಆಡಿ, ಕಡೆಗೆ ಅಮೆರಿಕೆಯನ್ನು ಸೇರಿ, 1854ರಲ್ಲಿ ಫಿಲಡೆಲ್ಫಿಯಾದ ಬೆಂಕಿಯಲ್ಲಿ ಸುಟ್ಟುಹೋದನು. ಮಾತಿನ ಯಂತ್ರದ ವಂಶವು ಮಾತ್ರ ಬೆಳೆಯಿತು. ಗ್ರಂಥವನ್ನು ಓದಿದ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಆ ಯಂತ್ರವನ್ನು ಸುಧಾರಿಸಿ ಮತ್ತೆ ಕಟ್ಟಿ 1835ರಲ್ಲಿ ಡಬ್ಲಿನ್ನಿನ ವಿದ್ವತ್ಸಭೆಯಲ್ಲಿ ತೋರಿಸಿದನು. ವೀಟ್‌ಸ್ಟನ್ನನ ಯಂತ್ರವನ್ನು 1863ರಲ್ಲಿ ಕಂಡ ಹುಡುಗ ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಅಣ್ಣನೊಡಗೂಡಿ ಮಾತನಾಡುವ ತಲೆಯೊಂದನ್ನು ಮಾಡಿದನು. ಆ ಹುಡುಗನೇ 1876ರಲ್ಲಿ ಟೆಲಿಫೋನನ್ನು ಲೋಕಕ್ಕೆ ಕೊಟ್ಟನು. ಬೆಲ್ಲನ ಹೆಸರಿನ ಪ್ರಯೋಗಶಾಲೆಯಲ್ಲಿ ಹೋಮರ್ ಡಡ್ಲಿ ನಿರ್ಮಿಸಿದ ವಿದ್ಯುತ್ ಯಂತ್ರವು 1939ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ಮಾತನಾಡಿತು. ಅಲ್ಲಿಯೂ ನಿರೂಪಕನೊಬ್ಬನು ಯಂತ್ರವು ಆಡಲಿರುವ ಮಾತನ್ನು ಸಭಿಕರಿಗೆ ಮುಂಚಿತವಾಗಿ ಸೂಚಿಸುತ್ತಿದ್ದನು. ಕಿವಿಯ ಔದಾರ್ಯವನ್ನು ನೆಚ್ಚಿಕೊಳ್ಳುವ ಆ ಹಳೆಯ ಉಪಾಯವು ಒಂದೂವರೆ ಶತಮಾನ ಕಳೆದರೂ ಬಿಟ್ಟುಹೋಗಿರಲಿಲ್ಲ.

ಆ ಉಪಾಯವನ್ನು ಕೈಬಿಟ್ಟು ಯಂತ್ರದ ಮಾತನ್ನು ನಿಷ್ಪಕ್ಷಪಾತವಾಗಿ ತೂಗುವುದು ಹೇಗೆಂಬುದೇ ಈಚಿನ ವಿದ್ವಾಂಸರ ಕಾರ್ಯಾಗಾರಗಳಲ್ಲಿ ಚರ್ಚೆಯ ವಿಷಯ. 1998ರಲ್ಲಿ ಆಸ್ಟ್ರೇಲಿಯದ ಜೆನೋಲಾನ್ ಗುಹೆಗಳ ಬಳಿ ಸೇರಿದ ಕಾರ್ಯಾಗಾರದಲ್ಲಿ ನಾನಾ ದೇಶಗಳವರು ತಂತಮ್ಮ ಯಂತ್ರಧ್ವನಿಗಳನ್ನು ಪರಸ್ಪರರ ಕಿವಿಗೆ ಒಪ್ಪಿಸಿದರು. 2005ರಲ್ಲಿ ಆರಂಭವಾದ ಬ್ಲಿಜರ್ಡ್ ಚಾಲೆಂಜ್ ಎಂಬ ಸ್ಪರ್ಧೆಯಲ್ಲಿ ಎಲ್ಲರಿಗೂ ಒಬ್ಬನೇ ಮನುಷ್ಯನ ಧ್ವನಿಮುದ್ರಣವನ್ನು ಕೊಟ್ಟು ಅದರಿಂದ ಯಂತ್ರಧ್ವನಿಯನ್ನು ಕಟ್ಟಲು ಹೇಳುತ್ತಾರೆ. ಕೇಳುವವರಿಗೆ ಯಾವುದು ಯಾರದೆಂದು ತಿಳಿಸುವುದಿಲ್ಲ. ನಿಜವಾದ ಮನುಷ್ಯನ ದನಿಯನ್ನೂ ನಡುವೆ ಬೆರೆಸಿರುತ್ತಾರೆ. ಸಹಜತೆಗೆ ಒಂದರಿಂದ ಐದರವರೆಗೆ ಅಂಕ ಕೊಡುವುದು ಒಂದು ಪರೀಕ್ಷೆ. ವ್ಯಾಕರಣಕ್ಕೆ ಸರಿಯಾಗಿದ್ದರೂ ಅರ್ಥಕ್ಕೆ ಸೇರದ ವಾಕ್ಯಗಳನ್ನು ಕೇಳಿಸಿ, ಕೇಳಿದುದನ್ನು ಬರೆದು ತೋರಿಸಲು ಹೇಳುವುದು ಇನ್ನೊಂದು. ಅರ್ಥದ ಆಸರೆಯಿಲ್ಲದಿರುವುದರಿಂದ ಕಿವಿಯು ಕೊರತೆಯನ್ನು ತುಂಬಿಕೊಳ್ಳಲಾರದು. ಪಕಾರವು ಪಕಾರವಾಗಿಯೇ ಕೇಳುತ್ತದೆ. ಕೆಂಪೆಲೆನ್ ಒಪ್ಪಿಕೊಂಡ ದೌರ್ಬಲ್ಯಕ್ಕೆ ಇದೇ ಮದ್ದು. 2013ರ ಸ್ಪರ್ಧೆಯಲ್ಲಿ ಹಿಂದಿ, ಬಂಗಾಳಿ, ತಮಿಳುಗಳೊಡನೆ ನಮ್ಮ ಕನ್ನಡವೂ ಹೀಗೆ ತೂಗಿಸಿಕೊಂಡಿತು.

ಕನ್ನಡಕ್ಕೆ ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಯಾರ ಕಿವಿ, ಯಾವ ಕನ್ನಡ? ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಹಾ. ಮಾ. ನಾಯಕರು ಭಾಷಾವಿಜ್ಞಾನವನ್ನು ಅಭ್ಯಾಸಮಾಡಿ ನಮ್ಮ ಗ್ರಾಂಥಿಕ ಭಾಷೆಯೂ ಆಡುಮಾತೂ ಎರಡು ಬೇರೆ ಶೈಲಿಗಳಾಗಿ ನಿಂತಿರುವುದನ್ನು 1967ರಷ್ಟು ಹಿಂದೆಯೇ ಗ್ರಂಥವಾಗಿ ಬರೆದರು. ಸಾಗರದ ಹವ್ಯಕರ ಮನೆಯ ಮಾತು, ಅಲ್ಲಿಯ ದೀವರ ಮಾತು, ಹೊಸನಗರದ ಅಂಗಡಿಬೀದಿಯ ಮಾತು, ತೀರ್ಥಹಳ್ಳಿಯ ಗೌಡರ ಮನೆಯ ಮಾತು—ಇವು ಒಂದೇ ತಕ್ಕಡಿಗೆ ಸಿಕ್ಕುವಂತಹವಲ್ಲ. ಯಂತ್ರವು ಪುಸ್ತಕದ ಕನ್ನಡವನ್ನು ನಯವಾಗಿ ಓದಿತೆಂದು ಅಂಕ ಕೊಟ್ಟವನು ಈ ಊರುಗಳಲ್ಲಿ ಕುಳಿತು ಕೇಳಿದವನೇ ಎಂಬುದನ್ನು ವಿಚಾರಿಸಬೇಕಾಗುತ್ತದೆ. ಕಣ್ಣಿಲ್ಲದ ವಿದ್ಯಾರ್ಥಿಯೊಬ್ಬನು ಯಂತ್ರದ ಓದನ್ನೇ ನಂಬಿ ಪರೀಕ್ಷೆಗೆ ಕುಳಿತುಕೊಳ್ಳುವಾಗ ಹಾಲು ಹಾಳಾಗಿ, ಮನೆ ಮಣೆಯಾಗಿ ಕೇಳಿದರೆ ಅದು ಮಗುವಿನ ತೊದಲೆಂದು ಮನ್ನಿಸುವಂತಹುದಲ್ಲ. ನೋಡುವವರಿಗೆ ಬೆರಗು; ಅವನಿಗೆ ಅದು ವಿದ್ಯೆ.

ಮ್ಯೂನಿಕ್ ನಗರದ ಜರ್ಮನ್ ವಸ್ತುಸಂಗ್ರಹಾಲಯದಲ್ಲಿ ಕೆಂಪೆಲೆನ್‌ನದೆಂದು ಹೇಳಲಾಗುವ ಒಂದು ಮಾತಿನ ಪೆಟ್ಟಿಗೆ ಇಂದಿಗೂ ಇದೆ. ಅವನ ಗ್ರಂಥವನ್ನು ಮುಂದಿಟ್ಟುಕೊಂಡು ಹೊಸದಾಗಿ ಪೆಟ್ಟಿಗೆಯನ್ನು ಕಟ್ಟಿ ನುಡಿಸುವ ವಿದ್ವಾಂಸರೂ ಯೂರೋಪಿನಲ್ಲಿದ್ದಾರೆ. ಇನ್ನೂರು ವರ್ಷಗಳಾಚೆಯೂ ಅದನ್ನು ಮತ್ತೆ ಕಟ್ಟಲು ಸಾಧ್ಯವಾಗಿರುವುದು, ಕಟ್ಟಿದವನು ಅದರ ಕುಂದುಗಳನ್ನು ಅಳತೆಗಳೊಡನೆ ಬರೆದಿಟ್ಟುಹೋದುದರಿಂದ.